ಸಡಿಲ ಕೀಲಿನ ನೋವು: ಬರೆಯಿಂದ ಒಂಬತ್ತು ಅಂಕದವರೆಗೆ

ಹೆಬ್ಬೆರಳನ್ನು ಮಡಿಸಿ ಮುಂಗೈಗೆ ತಾಗಿಸುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಕೀಲು ಹೀಗೆ ಸಡಿಲ ಇರುವ ಬಹಳ ಜನರಿಗೆ ಏನೂ ತೊಂದರೆ ಇರುವುದಿಲ್ಲ. ಕೆಲವರಿಗೆ ಮಾತ್ರ ಮಂಡಿ, ಭುಜ, ಸೊಂಟ ನೋಯುತ್ತವೆ, ಕಾಲು ಪದೇ ಪದೇ ಉಳುಕುತ್ತದೆ. ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಯಾಗಿದೆ ಅಂತ ಬರುತ್ತದೆ. ಆಮೇಲೆ ಮನೆಯಲ್ಲಿ ಕೇಳುವ ಮಾತು ಒಂದೇ: 'ಕೆಲಸ ತಪ್ಪಿಸಿಕೊಳ್ಳೋಕೆ ನೆಪ.'

ಇದು ನೆಪವಲ್ಲ ಅಂತ ವೈದ್ಯಲೋಕ ಒಪ್ಪಲು ಬಹಳ ಕಾಲ ಹಿಡಿಯಿತು.

ಸುಮಾರು 2,400 ವರ್ಷಗಳ ಹಿಂದಿನ ಗ್ರೀಕ್ ವೈದ್ಯ ಹಿಪೊಕ್ರೇಟಿಸ್ ಹೆಸರಿನ ಗ್ರಂಥವೊಂದರಲ್ಲಿ ಸಿಥಿಯನ್ನರೆಂಬ ಕುದುರೆ ಸವಾರರ ವಿಷಯ ಬರುತ್ತದೆ. ಮೈ ಮೆತ್ತಗಿದ್ದ ಅವರಿಗೆ ಬಿಲ್ಲು ಎಳೆಯಲು ಭುಜದ ಬಲ ಸಾಲುತ್ತಿರಲಿಲ್ಲವಂತೆ. ಅದಕ್ಕೆ ಭುಜ, ಮಣಿಕಟ್ಟು, ಸೊಂಟಕ್ಕೆ ಬರೆ ಹಾಕಿಸಿಕೊಳ್ಳುತ್ತಿದ್ದರಂತೆ.

1901ರಲ್ಲಿ ಡೆನ್ಮಾರ್ಕಿನ ಏಲರ್ಸ್, 1908ರಲ್ಲಿ ಫ್ರಾನ್ಸಿನ ಡಾನ್ಲೋಸ್ ಎಂಬ ಚರ್ಮವೈದ್ಯರು ಹಿಗ್ಗುವ ಚರ್ಮ, ಸಡಿಲ ಕೀಲು ಇದ್ದವರ ಬಗ್ಗೆ ವರದಿ ಮಾಡಿದರು. ಬೇರೆ ಕಾಯಿಲೆ ಇಲ್ಲದಿದ್ದರೂ ಸಡಿಲ ಕೀಲಿನಿಂದಲೇ ನೋವು ಬರಬಹುದು ಎಂದು ಬ್ರಿಟನ್ನಿನ ಮೂವರು ವೈದ್ಯರು ಬರೆದು ಅದಕ್ಕೊಂದು ಹೆಸರು ಕೊಟ್ಟದ್ದು 1967ರಲ್ಲಿ.

ಅಳತೆ ಸಿಕ್ಕಿದ್ದು ಮಾತ್ರ ಹಳ್ಳಿಯ ಜನರಿಂದ. ಬೈಟನ್ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ತ್ಸ್ವಾನಾ ಜನರ ಕೀಲು ಪರೀಕ್ಷಿಸಿ 1973ರಲ್ಲಿ ಒಂಬತ್ತು ಅಂಕಗಳ ಲೆಕ್ಕ ಪ್ರಕಟಿಸಿದರು. ಎರಡೂ ಕಡೆಯ ಕಿರುಬೆರಳು, ಹೆಬ್ಬೆರಳು, ಮೊಣಕೈ, ಮಂಡಿಗೆ 8. ಮಂಡಿ ಮಡಿಸದೆ ಬಗ್ಗಿ ಅಂಗೈ ನೆಲಕ್ಕೆ ಊರಿದರೆ 1. ಗಂಡಸರಿಗಿಂತ ಹೆಂಗಸರಲ್ಲಿ ಸಡಿಲ ಹೆಚ್ಚು, ವಯಸ್ಸಾದಂತೆ ಕಡಿಮೆ ಎಂದೂ ಕಂಡಿತು. ಇವತ್ತಿಗೂ ವೈದ್ಯರು ನೋಡುವುದು ಇದೇ ಅಂಕ.

ಮಸಾಜ್ ಎಲ್ಲಿ ಬರುತ್ತದೆ? ಕೀಲು ಕಟ್ಟುವ ನಾರು ಸಡಿಲವಾದಾಗ ಸ್ನಾಯುಗಳು ಬಿಗಿಹಿಡಿದು ದಣಿಯುತ್ತವೆ. ಹದವಾಗಿ ಎಣ್ಣೆ ತಿಕ್ಕಿದರೆ ಆ ಬಿಗಿ ಇಳಿದು ನೋವು ಸ್ವಲ್ಪ ತಗ್ಗಬಹುದು, ಆದರೆ ಕೀಲು ಗಟ್ಟಿಯಾಗುವುದಿಲ್ಲ. ಆಸರೆ ಬೇಕಾದರೆ ಸ್ನಾಯುವಿಗೆ ಬಲ ತುಂಬುವ ವ್ಯಾಯಾಮವೇ ಬೇಕು. 1894ರಲ್ಲಿ ಲಂಡನ್ನಿನ ನಾಲ್ವರು ನರ್ಸುಗಳು ಕಟ್ಟಿದ ಮಸಾಜ್ ಸಂಘವೇ ಮುಂದೆ ಬ್ರಿಟನ್ನಿನ ಫಿಸಿಯೋಥೆರಪಿ ಸಂಘವಾಯಿತು. ಇವತ್ತು ಫಿಸಿಯೋಥೆರಪಿಯಲ್ಲಿ ವ್ಯಾಯಾಮಕ್ಕೇ ಮೊದಲ ಜಾಗ.

ಹಾಗಾಗಿ ಎಣ್ಣೆ ಹಚ್ಚುವವರಿಗೆ ಮೊದಲೇ ಹೇಳಿ: ಕೈಕಾಲು ಜಗ್ಗಬೇಡಿ, ಲಟಿಕೆ ತೆಗೆಯಬೇಡಿ. ಚರ್ಮ ತೀರಾ ಹಿಗ್ಗುವವರು, ಸಣ್ಣ ಪೆಟ್ಟಿಗೂ ಮೈ ಕಂದುವವರು ಮೊದಲು ವೈದ್ಯರಿಗೆ ತೋರಿಸಿ. ಮನೆಯಲ್ಲಿ ಯಾರಾದರೂ ಕೀಲುನೋವು ಅಂದರೆ ಬೈಯುವ ಮೊದಲು ಆ ಒಂಬತ್ತು ಅಂಕ ಎಣಿಸಿ. ದೊಡ್ಡವರಲ್ಲಿ 5 ಅಥವಾ ಹೆಚ್ಚು ಬಂದು ನೋವೂ ಇದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.