ಕ್ವೇಕರ್ ವರ್ತಕರ ಔದಾರ್ಯ

‘ವ್ಯಾಪಾರಂ ದ್ರೋಹಚಿಂತನಂ’ ಎಂದು ನಮ್ಮಲ್ಲೊಂದು ಮಾತಿದೆ. ನಗುತ್ತಲೇ ಆಡುವ ಮಾತು. ಆದರೆ ನಾವದನ್ನು ನಂಬಿಯೂ ಇದ್ದೇವೆ. ಅದನ್ನು ಸುಳ್ಳು ಮಾಡಲು ಹೊರಟ ವರ್ತಕ ಮನೆತನವೊಂದರ ಕತೆಯನ್ನು ಈ ಹೊತ್ತು ತಮ್ಮ ಮುಂದಿಡಬಯಸುತ್ತೇನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಕ್ಯಾಡ್‌ಬರಿ ಮನೆತನ ಅದು.

ಅವರು ಕ್ವೇಕರರು, ಮೌನವಾಗಿ ಕುಳಿತು ದೇವರನ್ನು ನೆನೆಯುವ ಕ್ರೈಸ್ತ ಪಂಥದವರು. ಆಣೆ ಇಡರು, ಯುದ್ಧಕ್ಕೆ ಹೋಗರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಬಾಗಿಲು ಬಹುಕಾಲ ಮುಚ್ಚಿದ್ದರಿಂದ ಈ ಪಂಥದ ಹಲವರು ವ್ಯಾಪಾರಕ್ಕಿಳಿದರು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಬೆಲೆ ಹೇಳುವುದು ಸುಳ್ಳಾಡಿದಂತೆಯೇ ಎಂದು ಬಗೆದು ಎಲ್ಲರಿಗೂ ಒಂದೇ ದರವಿಟ್ಟರು. ಸಂಪತ್ತು ದೇವರದು, ತಾವು ಲೆಕ್ಕ ಒಪ್ಪಿಸಬೇಕಾದ ಪಾರುಪತ್ಯಗಾರರು ಮಾತ್ರ ಎಂಬುದು ಅವರ ನಂಬಿಕೆ.

1824ರಲ್ಲಿ ಜಾನ್ ಕ್ಯಾಡ್‌ಬರಿ ತೆರೆದ ಅಂಗಡಿಯಿಂದ ಬೆಳೆದ ಕೋಕೋ ಉದ್ಯಮ 1861ರಲ್ಲಿ ಮಕ್ಕಳಾದ ರಿಚರ್ಡ್ ಮತ್ತು ಜಾರ್ಜರ ಕೈಸೇರಿತು. 1879ರಲ್ಲಿ ಕಾರ್ಖಾನೆಯನ್ನು ಊರ ಹೊಗೆಯಿಂದ ಆಚೆ, ಬೋರ್ನ್‌ವಿಲ್ಲಿಗೆ ಒಯ್ದರು. ಅಲ್ಲಿ ಜಾರ್ಜ್ ಕೈತೋಟವಿರುವ ಮನೆಗಳನ್ನು ಕಟ್ಟಿಸಿದ. 1900ರಲ್ಲಿ ಮುನ್ನೂರಕ್ಕೂ ಮಿಕ್ಕಿದ ಆ ಮನೆಗಳನ್ನು ನೆಲಸಮೇತ ಒಂದು ಧರ್ಮದರ್ಶಿ ಮಂಡಲಿಗೆ ಬಿಟ್ಟುಕೊಟ್ಟ. ಮನೆಗಳು ಕಾರ್ಖಾನೆಯವರಿಗಷ್ಟೇ ಮೀಸಲಾಗಿರಲಿಲ್ಲ ಎಂಬುದು ನನಗೆ ಹೆಚ್ಚು ಮೆಚ್ಚುಗೆಯ ಸಂಗತಿ.

ಆದರೆ ಆ ಕಾರ್ಖಾನೆಗೆ ಕೋಕೋ ಬರುತ್ತಿದ್ದುದು ಎಲ್ಲಿಂದ? ದೊಡ್ಡ ಪಾಲು ಆಫ್ರಿಕದ ಪಶ್ಚಿಮಕ್ಕಿರುವ, ಆಗ ಪೋರ್ಚುಗೀಸರ ವಶದಲ್ಲಿದ್ದ ಸಾವೊ ತೊಮೆ ದ್ವೀಪದಿಂದ. 1901ರಲ್ಲಿ ರಿಚರ್ಡನ ಮಗ ವಿಲಿಯಂ ಅಲ್ಲಿನ ತೋಟವೊಂದರ ಮಾರಾಟಪತ್ರ ನೋಡಿದ. ಆಸ್ತಿಯ ಪಟ್ಟಿಯಲ್ಲಿ ಆಳುಗಳನ್ನೂ ಸೇರಿಸಿ ಬೆಲೆ ಕಟ್ಟಿತ್ತು! ಅಂಗೋಲದಿಂದ ಹಿಡಿದು ತಂದವರು ಅವರು. ಕಾಗದದಲ್ಲಿ ಕರಾರಿನ ಕೂಲಿಗಳು. ಊರಿಗೆ ಮರಳಿದವರು ಇಲ್ಲವೆಂಬಷ್ಟು ವಿರಳ.

ಕ್ಯಾಡ್‌ಬರಿಗಳು ಸುಮ್ಮನಿರಲಿಲ್ಲ. ಲಿಸ್ಬನ್ನಿನಲ್ಲಿ ವಿಚಾರಿಸಿದರು, 1905ರಲ್ಲಿ ಜೋಸೆಫ್ ಬರ್ಟ್ ಎಂಬಾತನನ್ನು ದ್ವೀಪಕ್ಕೆ ಕಳುಹಿಸಿದರು, ಬ್ರಿಟಿಷ್ ವಿದೇಶಾಂಗ ಕಚೇರಿ ತಾಳಿ ಎಂದಾಗ ತಾಳಿದರು. ಕೊಳ್ಳುವುದನ್ನು ಬಿಟ್ಟರೆ ಹೇಳುವ ಹಕ್ಕೂ ಹೋಗುತ್ತದೆ ಎಂಬುದು ಅವರ ವಾದ. ಕಪಟವೆನ್ನಲಾರೆ. ಆದರೆ ಕೊಳ್ಳುವುದು ನಿಂತದ್ದು 1909ರ ಮಾರ್ಚಿನಲ್ಲಿ. ನಡುವಣ ಎಂಟು ವರ್ಷ ದುಡಿದವನಿಗೆ ಈ ತಾಳ್ಮೆ ಯಾವ ಪ್ರಯೋಜನಕ್ಕೆ ಬಂದಿತು?

1908ರಲ್ಲಿ ‘ಸ್ಟ್ಯಾಂಡರ್ಡ್’ ಪತ್ರಿಕೆ ಈ ಬಗೆಗೆ ಚುಚ್ಚಿ ಬರೆಯಿತು. ಜಾರ್ಜನ ಒಡೆತನದ ‘ಡೈಲಿ ನ್ಯೂಸ್’ ದಕ್ಷಿಣ ಆಫ್ರಿಕದ ಚೀನೀ ಕೂಲಿಗಳ ಪರವಾಗಿ ಗುಡುಗಿದ್ದ ಪತ್ರಿಕೆ. ಎದುರಾಳಿಗಳಿಗೆ ಅದಕ್ಕಿಂತ ಇನ್ನೇನು ಬೇಕು! ಕಂಪನಿ ಮಾನಹಾನಿಯ ದಾವೆ ಹೂಡಿತು. 1909ರ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲೇ ವಿಚಾರಣೆ. ತಿಳಿದ ದಿನದಿಂದ ಬಿಟ್ಟ ದಿನದವರೆಗೆ ಮಾಡಿದ್ದೇನು ಎಂದು ವಕೀಲ ಎಡ್ವರ್ಡ್ ಕಾರ್ಸನ್ ವಿಲಿಯಮ್ಮನನ್ನು ಕಟಕಟೆಯಲ್ಲಿ ಹಿಡಿದು ನಿಲ್ಲಿಸಿದ. ಪಂಚರು ಕಂಪನಿಯನ್ನೇ ಗೆಲ್ಲಿಸಿದರು. ಪರಿಹಾರವೆಂದು ಕೊಡಿಸಿದ್ದು ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲುಭಾಗ.

ಬೈಬಲಿನ ಬಡ ವಿಧವೆ ದೇವಾಲಯದ ಕಾಣಿಕೆಪೆಟ್ಟಿಗೆಗೆ ಎರಡು ಕಾಸು ಹಾಕಿದಳಷ್ಟೆ. 1611ರ ಇಂಗ್ಲಿಷ್ ಬೈಬಲು ಆ ಎರಡು ಕಾಸಿನ ಮೊತ್ತವನ್ನು ಒಂದು ಫಾರ್ದಿಂಗ್ ಎಂದೇ ಹೇಳಿದೆ. ದಶಕಗಳ ಕಾಲ ಭಾನುವಾರದ ಬೆಳಗ್ಗೆ ಕೂಲಿಕಾರರಿಗೆ ಬೈಬಲ್ ಪಾಠ ಹೇಳಿದ ಜಾರ್ಜ್ ಕ್ಯಾಡ್‌ಬರಿಗೆ ಇದನ್ನು ಯಾರೂ ನೆನಪಿಸಬೇಕಾಗಿರಲಿಲ್ಲ.