ಕಲ್ಲಿದ್ದಲ ಬೆಟ್ಟಗಳ ವೆಸ್ಟ್ ವರ್ಜೀನಿಯ

ನೆಲದಡಿಯಲ್ಲಿ ಸಂಪತ್ತಿದ್ದ ಮಾತ್ರಕ್ಕೆ ನೆಲದ ಮೇಲಿನವರು ಸಿರಿವಂತರಾಗುವುದಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯ ಇದಕ್ಕೊಂದು ನಿದರ್ಶನ.

ಅಪಲೇಷಿಯನ್ ಬೆಟ್ಟಸಾಲಿನಲ್ಲಿರುವ ಈ ರಾಜ್ಯದ ಹುಟ್ಟಿಗೂ ಅದರ ಭೂಗುಣವೇ ಕಾರಣ. ವರ್ಜೀನಿಯದ ಪೂರ್ವ ಬಯಲಿನಲ್ಲಿ ಗುಲಾಮರು ದುಡಿಯುವ ದೊಡ್ಡ ತೋಟಗಳಿದ್ದವು. ಬೆಟ್ಟದ ಕಡೆ ಸಣ್ಣ ರೈತರೇ ಹೆಚ್ಚು. 1861ರಲ್ಲಿ ವರ್ಜೀನಿಯ ಅಮೆರಿಕ ಒಕ್ಕೂಟವನ್ನು ತೊರೆದಾಗ ಬೆಟ್ಟದವರಲ್ಲಿ ಹಲವರು ಒಪ್ಪಲಿಲ್ಲ. 1863ರ ಜೂನ್ 20ರಂದು ಪ್ರತ್ಯೇಕ ರಾಜ್ಯ ಅಸ್ತಿತ್ವಕ್ಕೆ ಬಂತು.

ರೈಲು ಬಂದ ಮೇಲೆ ಕಲ್ಲಿದ್ದಲು ಇಲ್ಲಿನ ಬದುಕನ್ನು ಆಳಿತು. ದಕ್ಷಿಣ ರಾಜ್ಯಗಳ ಕಪ್ಪು ಜನರು, ಇಟಲಿ, ಹಂಗೆರಿಗಳ ವಲಸೆಗಾರರು ಸ್ಥಳೀಯರೊಡನೆ ಗಣಿಗೆ ಇಳಿದರು. ಮನೆ ಕಂಪೆನಿಯದು, ಅಂಗಡಿಯೂ ಕಂಪೆನಿಯದು. ಹಲವೆಡೆ ಕೂಲಿಯಾಗಿ ಸಿಗುತ್ತಿದ್ದುದು ಆ ಅಂಗಡಿಯಲ್ಲಷ್ಟೇ ನಡೆಯುವ ಬಿಲ್ಲೆಗಳು. 1907ರಲ್ಲಿ ಮೊನೊಂಗಾ ಗಣಿಯ ಸ್ಫೋಟದಲ್ಲಿ 362 ಮಂದಿ ಸತ್ತರೆಂದು ಅಧಿಕೃತ ಲೆಕ್ಕ. 1921ರಲ್ಲಿ ಸಂಘ ಕಟ್ಟುವ ಹಕ್ಕಿಗಾಗಿ ಸುಮಾರು 10,000 ಕಾರ್ಮಿಕರು ಬ್ಲೇರ್ ಬೆಟ್ಟದತ್ತ ಬಂದೂಕು ಹಿಡಿದು ನಡೆದರು. ಕೇಂದ್ರದ ಸೇನೆ ಬಂದ ಮೇಲೆ ಶರಣಾದರು. ಆ ಹಕ್ಕಿಗೆ ಕಾನೂನಿನ ಬಲ ದೊರೆತದ್ದು 1930ರ ದಶಕದಲ್ಲಿ.

ಮುಂದೆ ಯಂತ್ರಗಳು ಬಂದವು, ಆಳುಗಳು ಬೇಡವಾದರು. 1950ರಲ್ಲಿ 20 ಲಕ್ಷ ದಾಟಿದ್ದ ಜನಸಂಖ್ಯೆ 2020ರಲ್ಲಿ 18 ಲಕ್ಷಕ್ಕಿಂತ ಕೆಳಗಿಳಿದಿತ್ತು. ಈಗ ಕಲ್ಲಿದ್ದಲಿನ ಜೊತೆಗೆ ನೈಸರ್ಗಿಕ ಅನಿಲ, ಪ್ರವಾಸೋದ್ಯಮಗಳೂ ರಾಜ್ಯಕ್ಕೆ ಆಸರೆಯಾಗಿವೆ. ನ್ಯೂ ರಿವರ್ ಕಮರಿಗೆ 2020ರಲ್ಲಿ ರಾಷ್ಟ್ರೀಯ ಉದ್ಯಾನದ ಮಾನ್ಯತೆ ಸಿಕ್ಕಿತು. ಪ್ರವಾಸಿಗರು ನೋಡಲು ಹೋಗುವ ಅಲ್ಲಿನ ಥರ್ಮಂಡ್, ಒಂದು ಕಾಲಕ್ಕೆ ಕಲ್ಲಿದ್ದಲು ಸಾಗಣೆಯಿಂದ ಗಿಜಿಗುಡುತ್ತಿದ್ದ ರೈಲು ಪಟ್ಟಣ. 2010ರ ಜನಗಣತಿಯಲ್ಲಿ ಅಲ್ಲಿದ್ದವರು ಐದೇ ಮಂದಿ.