ಪೆಟ್ಟಿಗೆಯೊಳಗಿನ ಗಾಳಿ: ಬಾಸ್ ಧ್ವನಿವರ್ಧಕದ ಚರಿತ್ರೆ

ಚಿತ್ರದುರ್ಗ–ದಾವಣಗೆರೆ ಹೆದ್ದಾರಿಯ ಭರಮಸಾಗರದಲ್ಲಿ 2025ರ ಫೆಬ್ರವರಿಯಲ್ಲಿ ತರಳಬಾಳು ಹುಣ್ಣಿಮೆ ಮಹೋತ್ಸವ ನಡೆಯಿತು. ಇಂಥ ಬಯಲು ವೇದಿಕೆಗಳಲ್ಲಿ ಹಿಂದೆ ಕಂಬಕ್ಕೆ ಕಟ್ಟಿದ ಕಹಳೆಯಾಕಾರದ ಧ್ವನಿವರ್ಧಕಗಳೇ ಕಾಣುತ್ತಿದ್ದವು. ಅವು ಮಾತನ್ನು ದೂರ ಮುಟ್ಟಿಸುತ್ತಿದ್ದವು, ಮಂದ್ರಸ್ವರವನ್ನಲ್ಲ. ಇಂದು ವಾದ್ಯವೃಂದಗಳು ಬಾಸ್ ಗಿಟಾರಿಗೆಂದೇ ಬೇರೆ ಪೆಟ್ಟಿಗೆ ತರುತ್ತವೆ. ಅದರಲ್ಲಿ ಒಂದೇ ದೊಡ್ಡ ಶಂಕು ಇರಬೇಕೆ, ನಾಲ್ಕಾರು ಸಣ್ಣವೆ? ಉತ್ತರ ಚರಿತ್ರೆಯಲ್ಲಿದೆ.

ಇಂದಿನ ಮಾದರಿಯ ಚಲಿಸುವ ಸುರುಳಿಯ ಧ್ವನಿವರ್ಧಕವನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ 1925ರಲ್ಲಿ ವಿವರಿಸಿದರು. ಶಂಕು ಮುಂದೆ ಗಾಳಿಯನ್ನು ಒತ್ತಿದಾಗ ಹಿಂದೆ ಗಾಳಿ ವಿರಳವಾಗುತ್ತದೆ. ಈ ಎರಡು ಅಲೆಗಳು ವಿರುದ್ಧ ಪ್ರಾವಸ್ಥೆಯಲ್ಲಿದ್ದು, ಸೇರಿದರೆ ಒಂದನ್ನೊಂದು ಅಳಿಸುತ್ತವೆ. ನಾಲ್ಕು ತಂತಿಯ ಬಾಸ್ ಗಿಟಾರಿನ ಅತ್ಯಂತ ತಗ್ಗಿನ ಸ್ವರದ ಆವೃತ್ತಿ ಸುಮಾರು 41 ಹರ್ಟ್ಜ್, ತರಂಗದೂರ 8 ಮೀಟರಿಗೂ ಹೆಚ್ಚು. ಇಷ್ಟು ಉದ್ದದ ಅಲೆ ಶಂಕುವಿನ ಅಂಚನ್ನು ಸುಲಭವಾಗಿ ಬಳಸಿ ಬರುತ್ತದೆ. ಪೆಟ್ಟಿಗೆ ಬೇಕಾದದ್ದು ಇದಕ್ಕೇ. 1930ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಥುರಾಸ್, ಪೆಟ್ಟಿಗೆಗೆ ರಂಧ್ರವಿಟ್ಟು ಅನುನಾದದಿಂದ ಹಿಂಬದಿಯ ಅಲೆಯನ್ನೂ ದುಡಿಸಿಕೊಂಡರು. 1954ರಲ್ಲಿ ವಿಲ್ಚರ್, ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿದರು.

ಲಿಯೊ ಫೆಂಡರ್ 1951ರಲ್ಲಿ ವಿದ್ಯುತ್ ಬಾಸ್ ಗಿಟಾರನ್ನೂ, ಮರುವರ್ಷ ಅದಕ್ಕೊಂದು ವರ್ಧಕವನ್ನೂ ತಂದರು. ಮೊದಲು ಅದರಲ್ಲಿ 15 ಇಂಚಿನ ಒಂದೇ ಶಂಕುವಿತ್ತು. ಕೆಲವೇ ವರ್ಷಗಳಲ್ಲಿ 10 ಇಂಚಿನ ನಾಲ್ಕು ಬಂದವು. 1969ರಲ್ಲಿ ಆಂಪೆಗ್ ಸಂಸ್ಥೆ 300 ವಾಟ್ ವರ್ಧಕಕ್ಕೆ ತಲಾ ಎಂಟು 10 ಇಂಚಿನ ಶಂಕುಗಳ ಮುಚ್ಚಿದ ಪೆಟ್ಟಿಗೆಗಳನ್ನು ಜೋಡಿಸಿತು.

ಲೆಕ್ಕ ಹಾಕಿ ನೋಡೋಣ. 15 ಇಂಚಿನ ಒಂದು ಶಂಕುವಿನ ವಿಸ್ತೀರ್ಣ ಸುಮಾರು 177 ಚದರ ಇಂಚು. 10 ಇಂಚಿನ ಎರಡಕ್ಕೆ 157, ನಾಲ್ಕಕ್ಕೆ 314, ಎಂಟಕ್ಕೆ 628. ಅಂದರೆ ಎರಡು ಸಣ್ಣವು ಒಂದು ದೊಡ್ಡದಕ್ಕೆ ಸಾಟಿಯಲ್ಲ, ನಾಲ್ಕು ಅದನ್ನು ಮೀರುತ್ತವೆ. ಆವೃತ್ತಿ ಅರ್ಧವಾದರೆ, ಅದೇ ಧ್ವನಿಮಟ್ಟಕ್ಕೆ ಶಂಕು ನಾಲ್ಕು ಪಟ್ಟು ದೂರ ಚಲಿಸಬೇಕು; ಆದ್ದರಿಂದ ವಿಸ್ತೀರ್ಣಕ್ಕೆ ಇಷ್ಟು ಬೆಲೆ.

ಹಾಗಾದರೆ ವ್ಯಾಸವೇ ಎಲ್ಲವೆ? ಅಲ್ಲ. ಆಸ್ಟ್ರೇಲಿಯದ ಥೀಲ್ 1961ರಲ್ಲಿ, ಸ್ಮಾಲ್ 1970ರ ದಶಕದಲ್ಲಿ ಇದನ್ನು ಗಣಿತಕ್ಕೆ ತಂದರು. ಶಂಕುವಿನ ಅನುನಾದ, ಅದರ ಚಲನೆಯ ಮಿತಿ, ಪೆಟ್ಟಿಗೆಯ ಗಾತ್ರ ಎಲ್ಲವೂ ಸೇರಿ ಮಂದ್ರವನ್ನು ನಿರ್ಧರಿಸುತ್ತವೆ. “ದೊಡ್ಡ ಶಂಕು ಎಂದರೆ ಆಳದ ಸ್ವರ” ಎಂಬುದು ಅರ್ಧಸತ್ಯ.

ಬಯಲಿನಲ್ಲಿ ಧ್ವನಿಯನ್ನು ಮರಳಿಸುವ ಗೋಡೆಗಳಿಲ್ಲ. ಹಾಗಾಗಿ ಅಲ್ಲಿ ಹೆಚ್ಚು ವಿಸ್ತೀರ್ಣ ಬೇಕು. ಸಣ್ಣ ಸಭಾಂಗಣಕ್ಕೆ, ಬಸ್ಸಿನಲ್ಲಿ ಒಯ್ಯುವವರಿಗೆ, ಒಂದೇ ಪೆಟ್ಟಿಗೆ ಸಾಕು. ಪೆಟ್ಟಿಗೆಗಳನ್ನು ಪಕ್ಕದಲ್ಲಿ ಸಾಲಾಗಿಡುವುದಕ್ಕಿಂತ ಒಂದರ ಮೇಲೊಂದು ಇಡುವುದು ಲೇಸು. ಮೇಲಿನ ಆವೃತ್ತಿಗಳು ಆಗ ಅಡ್ಡಕ್ಕೆ ಹೆಚ್ಚು ಹರಡುತ್ತವೆ. ಒಂದು ಎಚ್ಚರಿಕೆ: 8 ಓಮ್‌ನ ಎರಡು ಪೆಟ್ಟಿಗೆ ಸಮಾಂತರವಾದರೆ 4 ಓಮ್, 4 ಓಮ್‌ನ ಎರಡಾದರೆ 2 ಓಮ್. ವರ್ಧಕದ ಕನಿಷ್ಠ ಮಿತಿಗಿಂತ ಇಳಿದರೆ ಅದು ಸುಟ್ಟೇಹೋಗಬಹುದು.

ತರಗತಿಯಲ್ಲಿ ಹೀಗೆ ಮಾಡಿ: ಹಳೆಯ ರೇಡಿಯೊದ ಧ್ವನಿವರ್ಧಕವನ್ನು ಬಿಡಿಯಾಗಿ ಕೇಳಿಸಿ. ಅನಂತರ ದೊಡ್ಡ ರಟ್ಟಿನಲ್ಲಿ ಅದರಳತೆಯ ರಂಧ್ರ ಕೊರೆದು, ಧ್ವನಿವರ್ಧಕವನ್ನು ಅದಕ್ಕೆ ಒತ್ತಿ ಹಿಡಿಯಿರಿ. ಡೊಳ್ಳಿನ ಸದ್ದು ತುಂಬಿ ಬರುವುದನ್ನು ಮಕ್ಕಳೇ ಹೇಳುತ್ತಾರೆ.